ಗೊಬ್ಬರದ ಗುಂಡಿಗೆ ಬೀಳುವ ಹೊಟ್ಟು ಎಲ್ಲಿಯದು?

ದಾಸೋಹದಲ್ಲಿ ಉಳಿದ ಅನ್ನ, ತರಕಾರಿಯ ಸಿಪ್ಪೆ, ಎಂಜಲೆಲೆಗಳನ್ನು ಕೊಳೆಸಿ ಗೊಬ್ಬರ ಮಾಡುವುದು ನಮಗೆ ಹೊಸದಲ್ಲ. ಇದಕ್ಕೆ ಶಾಸನದ ಒತ್ತಾಸೆ ದೊರೆತದ್ದು ಮಾತ್ರ ಇತ್ತೀಚೆಗೆ. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗ್ರಾಮಿಗೂ ಹೆಚ್ಚು ತ್ಯಾಜ್ಯ ಹೊರಡುವ ಸ್ಥಳಗಳನ್ನು ಬೃಹತ್ ತ್ಯಾಜ್ಯ ಉತ್ಪಾದಕರೆಂದು ಗುರುತಿಸಿ, ಪೂಜಾಸ್ಥಳಗಳನ್ನೂ ಆ ಪಟ್ಟಿಗೆ ಸೇರಿಸಿದವು. 5000 ಚದರ ಮೀಟರಿಗಿಂತ ವಿಶಾಲವಾದ ಸಂಸ್ಥೆಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲಿಯೇ ಸಂಸ್ಕರಿಸಬೇಕೆಂದು ವಿಧಿಸಿದವು.

ಆದರೆ ಅನ್ನ ಸಾರುಗಳಷ್ಟೇ ಗುಂಡಿಗೆ ಬಿದ್ದರೆ ಗೊಬ್ಬರವಾಗದು. ನೀರು ಹೆಚ್ಚಾಗಿ ಗಾಳಿಯಾಡದೆ ಹುಳಿತು ನಾರುತ್ತದೆ. ನೊಣ, ಇಲಿಗಳನ್ನು ಕರೆಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆಯ ಕಸದಲ್ಲಿ ಇಂಗಾಲ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಮರದ ಹೊಟ್ಟಿನಲ್ಲಿಯಾದರೋ ನೂರಾರು ಪಾಲು. ಆದ್ದರಿಂದಲೇ ಸಾಮಿಲ್ಲಿನ ಹೊಟ್ಟನ್ನು ತಂದು ಬೆರೆಸುವ ರೂಢಿ ಬೆಳೆದಿದೆ. ಹದವಾಗಿ ಬೆರೆತ ರಾಶಿ ತಾನೇ ಬಿಸಿಯೇರುತ್ತದೆ. 55 ಡಿಗ್ರಿ ಸೆಲ್ಸಿಯಸ್ ಶಾಖ ಹಲವು ದಿನ ನಿಂತು, ಆಗಾಗ ಮಗುಚಿ ಹೊರಗಿನದನ್ನು ಒಳಗೆ ಹಾಕಿದರೆ, ಬಹುಪಾಲು ರೋಗಾಣುಗಳು ನಾಶವಾಗುತ್ತವೆ.

ಶಾಖಕ್ಕೆ ನಾಶವಾಗದ ವಿಷವೂ ಉಂಟು. ನಮ್ಮ ಆತಂಕ ಇರುವುದು ಇಲ್ಲಿಯೇ. ಗೆದ್ದಲು ಹಿಡಿಯದಿರಲೆಂದು ಕೆಲವು ಮರಗಳಿಗೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆತ ದ್ರಾವಣವನ್ನು ಒತ್ತಡದಿಂದ ಉಣಿಸಿರುತ್ತಾರೆ. ಹಳೆಯ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸವಿರಬಹುದು. ಪ್ಲೈವುಡ್ಡಿನ ಪುಡಿಯಲ್ಲಿ ಫಾರ್ಮಾಲ್ಡಿಹೈಡ್ ಸೇರಿದ ಅಂಟು ಇರುತ್ತದೆ. ಅಂಟು ಕಾಲಕ್ರಮದಲ್ಲಿ ಕೊಳೆತೀತು. ಆರ್ಸೆನಿಕ್, ಸೀಸಗಳು ಕೊಳೆಯುವುದಿಲ್ಲ. ರಾಶಿ ಕುಗ್ಗಿದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಅಂಥ ಮರವನ್ನು ಸುಟ್ಟು ಬೂದಿ ಹಾಕುವುದಂತೂ ಇನ್ನೂ ಕೇಡು. ಆ ಗೊಬ್ಬರದಲ್ಲಿ ಬೆಳೆದ ಸೊಪ್ಪು, ಗೆಡ್ಡೆಗಳು ಮರಳಿ ನಮ್ಮ ಪಂಕ್ತಿಗೇ ಬರುತ್ತವೆ.

1985ರ ರಸಗೊಬ್ಬರ ನಿಯಂತ್ರಣ ಆದೇಶವು ನಗರ ಕಾಂಪೋಸ್ಟಿನ ಒಂದು ಕಿಲೋಗ್ರಾಮಿನಲ್ಲಿ ಆರ್ಸೆನಿಕ್ 10 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರಕೂಡದೆಂದು ಮಿತಿ ಹಾಕಿದೆ. ಆದರೆ ಅದು ಮಾರಾಟದ ಗೊಬ್ಬರಕ್ಕೆ ಹಾಕಿದ ಮಿತಿ. ನಾವೇ ಮಾಡಿ ನಮ್ಮ ತೋಟಕ್ಕೇ ಹಾಕಿಕೊಳ್ಳುವುದನ್ನು ಯಾರೂ ಪರೀಕ್ಷಿಸಲು ಬರುವುದಿಲ್ಲ. ಅಲ್ಲಿ ನಿಯಮ ವಿಧಿಸಿಕೊಳ್ಳಬೇಕಾದವರು ನಾವೇ. ಹೊಟ್ಟನ್ನು ಉಚಿತವಾಗಿ ಕೊಡುವವರನ್ನು ಪ್ರಶ್ನಿಸಲು ಸಂಕೋಚವಾಗುವುದು ಸಹಜ. ಆದರೂ ಕೇಳಬೇಕು: ಇದು ಹಸಿ ದಿಮ್ಮಿ ಸೀಳಿದ್ದೋ, ಪೀಠೋಪಕರಣದ ಅಂಗಡಿಯದೋ? ಎರಡೂ ಬೆರೆತಿದ್ದರೆ ಬೇಡವೆನ್ನುವುದೇ ಲೇಸು. ತೆಂಗಿನ ನಾರಿನ ಪುಡಿ, ಒಣಗಿದ ಎಲೆ, ಕತ್ತರಿಸಿದ ಜೋಳದ ದಂಟು ಇವೂ ಅದೇ ಕೆಲಸ ಮಾಡುತ್ತವೆ. (ಎಲೆಯೆಂದು ಮಾರುವ ಪ್ಲಾಸ್ಟಿಕ್ ಲೇಪದ ತಟ್ಟೆಗಳನ್ನು ಗುಂಡಿಯಿಂದ ಆಯುವ ಕಷ್ಟವನ್ನು ಸೇವೆಗೆ ನಿಂತವರೇ ಬಲ್ಲರು.)

ರಾಶಿ ಮಗುಚುವ ಸೇವೆಯಲ್ಲಿರುವವರ ಶ್ವಾಸಕೋಶದ ಕಡೆಗೂ ಗಮನವಿರಲಿ. ಒಣಗಿದ ರಾಶಿಯಿಂದ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣಗಳು ಧೂಳಿನೊಡನೆ ಏಳುತ್ತವೆ. ಮೊದಲು ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ಮಗುಚಬೇಕು. ಆಸ್ತಮಾ ಉಳ್ಳವರು, ಹಿಂದೆ ಕ್ಷಯದಿಂದ ಶ್ವಾಸಕೋಶಕ್ಕೆ ಹಾನಿಯಾದವರು, ರೋಗನಿರೋಧಕ ಶಕ್ತಿ ಕುಂದಿಸುವ ಔಷಧಿ ಸೇವಿಸುವವರು ಈ ಕೆಲಸಕ್ಕೆ ಇಳಿಯಬಾರದು. ಅವರಿಗೆ ಅಡುಗೆಮನೆಯಲ್ಲಿ ಹಸಿ ಕಸ, ಒಣ ಕಸ ಬೇರ್ಪಡಿಸುವ ಸೇವೆಯನ್ನು ಒಪ್ಪಿಸಬಹುದು.