ಫಾದರ್ ಸೇರಾಕ್ ಮತ್ತು ಗುದ್ದಲಿ ಹಿಡಿದ ಹುಡುಗರು

ಫಾದರ್ ಪಿಯೆರ್ ಸೇರಾಕ್ ಹುಟ್ಟಿದ್ದು 1914ರಲ್ಲಿ, ಫ್ರಾನ್ಸಿನಲ್ಲಿ. ಅಣ್ಣ ಮುಂದೆ ಆ ದೇಶದ ಉದ್ಯಮಪತಿಗಳ ಒಕ್ಕೂಟಕ್ಕೇ ಅಧ್ಯಕ್ಷನಾದ. ತಮ್ಮನಾದ ಸೇರಾಕ್ ಜೆಸ್ವಿಟ್ ಸಭೆ ಸೇರಿ 1937ರಲ್ಲಿ ಭಾರತಕ್ಕೆ ಬಂದು, ತಮಿಳು, ಸಂಸ್ಕೃತ ಕಲಿತು ಮದ್ರಾಸಿನವರೇ ಆಗಿಬಿಟ್ಟರು. ಕಥೋಲಿಕ ಕಾಲೇಜು ವಿದ್ಯಾರ್ಥಿಗಳ ಅಖಿಲ ಭಾರತ ಸಂಘಟನೆ ಐಕಫ್‌ನ ಗುರುಗಳಾದಾಗ ಅವರು ಹುಡುಗರನ್ನು ಪ್ರವಚನಕ್ಕೆ ಕೂರಿಸಿ ಸುಮ್ಮನಾಗಲಿಲ್ಲ. ರಜೆ ಬಂದರೆ ಹಳ್ಳಿಗೆ ಕರೆದೊಯ್ದು ಕೈಗೆ ಗುದ್ದಲಿ ಕೊಟ್ಟರು. ಪೇಟೆಯ ಹುಡುಗರ ಅಂಗೈಯಲ್ಲಿ ಬೊಬ್ಬೆ ಎದ್ದವು. 1960ರ ದಶಕದ ಕೊನೆಗೆ, ಬರದ ಸೀಮೆಯಾದ ಮಾನಾಮದುರೈಯಲ್ಲಿ ಸೇರಾಕ್ ಸಾವಿರ ಬಾವಿ ತೋಡಿಸುವ ಕೆಲಸಕ್ಕೇ ಇಳಿದರು. 1980ರಲ್ಲಿ, ವಿಶ್ರಾಂತಿಯ ವಯಸ್ಸಿನಲ್ಲಿ, ಥಾಯ್ಲೆಂಡಿನ ಕಾಂಬೋಡಿಯಾ ನಿರಾಶ್ರಿತರ ಶಿಬಿರಗಳಿಗೆ ಹೊರಟುಹೋದರು. ಹತ್ತು ವರ್ಷಕ್ಕೂ ಮಿಕ್ಕಿ ಅಲ್ಲಿದ್ದು, ಮತ್ತೆ ಮದ್ರಾಸಿಗೇ ಬಂದರು.

ಐಕಫ್ ಶುರುವಾದದ್ದು 1924ರಲ್ಲಿ. ಮೊದಮೊದಲು ಜಪತಪ, ಚರ್ಚಾಕೂಟಗಳ ಸಂಘ. 1970ರಲ್ಲಿ ಪೂನಮಲ್ಲಿಯಲ್ಲಿ ಹೊರಡಿಸಿದ ಘೋಷಣೆಯ ಹೊತ್ತಿಗೆ ಅದು ಬಡವರ ಪಕ್ಷ ವಹಿಸಿ ನಿಂತಿತ್ತು. ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ಸ್, ಮಂಗಳೂರಿನ ಸೇಂಟ್ ಅಲೋಶಿಯಸ್‌ಗಳಲ್ಲೂ ಅದರ ಘಟಕಗಳಿವೆ.

ಇಂಥ ಬಳಗಗಳ ನಡೆ ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ದುಡಿಯುವ ಯುವಕರಿಗೆಂದು ರೂಪಿಸಿದ್ದು: ನೋಡು, ತೂಗಿ ನೋಡು, ಕೈಹಾಕು. ಕೇಳಲು ಸಲೀಸು. ಆದರೆ ಕಾಲೇಜಿನ ಕಾರಿಡಾರು ಗುಡಿಸುವ ಹೆಂಗಸಿಗೆ ಸಂಬಳ ಎಷ್ಟು, ವಾರದ ರಜೆ ಇದೆಯೇ ಎಂದು ಘಟಕದ ಹುಡುಗಿಯೊಬ್ಬಳು ವಿಚಾರಿಸಿಕೊಂಡು ಬರುತ್ತಾಳೆ ಅನ್ನಿ. ಶುಭಸಂದೇಶ ತೆರೆದು ಎಲ್ಲರೂ ಅದನ್ನು ತೂಗುತ್ತಾರೆ. ಆಮೇಲೆ ಪ್ರಿನ್ಸಿಪಾಲರ ಬಾಗಿಲು ತಟ್ಟುವವರು ಯಾರು? ಅಲ್ಲಿಗೆ ಎಲ್ಲರೂ ನೆಲ ನೋಡತೊಡಗುತ್ತಾರೆ. ಗುರುಗಳು ಬಾಯಿ ಹಾಕಬಾರದು, ಅದೇ ಕಷ್ಟ. ಕೊನೆಗೆ ಎದ್ದು ನಿಲ್ಲುವ ಹುಡುಗಿ ಯಾವ ನಾಯಕತ್ವ ಶಿಬಿರಕ್ಕೂ ಹೋದವಳಾಗಿರಬೇಕಿಲ್ಲ.

ಈಗ ಸೆಮಿಸ್ಟರು, ಹಾಜರಾತಿ, ಇಂಟರ್ನ್‌ಶಿಪ್ಪುಗಳ ನಡುವೆ ದೀರ್ಘ ಶಿಬಿರಕ್ಕೆ ಬಿಡುವೆಲ್ಲಿ? ಅನಾಥಾಶ್ರಮಕ್ಕೆ ಹೋಗಿ ಫೋಟೊ ತೆಗೆಸಿಕೊಂಡು ಸಂಜೆಗೆ ಮರಳುವುದನ್ನು ಶಿಬಿರ ಎನ್ನಲು ನನಗಂತೂ ಮನಸ್ಸು ಬಾರದು. ಸೇರಾಕ್ 2012ರಲ್ಲಿ, 98ನೇ ವಯಸ್ಸಿನಲ್ಲಿ, ಚೆನ್ನೈಯಲ್ಲೇ ತೀರಿಕೊಂಡರು. ಅವರೊಡನೆ ಮಣ್ಣು ಹೊತ್ತ ಹುಡುಗರಿಗೆ ಈಗ ಎಪ್ಪತ್ತೈದು ದಾಟಿರಬೇಕು. ಇವತ್ತಿನ ಘಟಕಗಳ ಮಕ್ಕಳು ಅವರನ್ನು ಹುಡುಕಿ, ಮೊಬೈಲಿನಲ್ಲಾದರೂ ಅವರ ಮಾತು ರೆಕಾರ್ಡ್ ಮಾಡಿಟ್ಟುಕೊಳ್ಳಬಾರದೇ?