ಪೆಟ್ಟು ತಿಂದ ಎಳೆಯ ಮೆದುಳು

ವಜ್ರಳ್ಳಿಯ ಯಾವುದೋ ಮನೆಯ ಹಿತ್ತಲಿನಲ್ಲಿ ಆರು ವರ್ಷದ ಹುಡುಗನೊಬ್ಬನು ಪೇರಲೆಯ ಮರದಿಂದ ಬಿದ್ದನೆಂದು ಭಾವಿಸೋಣ. 3 ಮೀಟರ್ ಎತ್ತರದಿಂದ ಬಿದ್ದ ವಸ್ತುವು ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 7.7 ಮೀಟರ್. ತಲೆ ನೆಲಕ್ಕೆ ಬಡಿದರೆ ಈ ವೇಗವು ಕೆಲವೇ ಮಿಲಿಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ. ಬುರುಡೆ ಒಮ್ಮೆಲೇ ನಿಲ್ಲುತ್ತದೆ. ಒಳಗೆ ದ್ರವದಲ್ಲಿ ತೇಲುತ್ತಿರುವ ಮೆದುಳಾದರೋ ಜಡತ್ವದಿಂದ ಮುಂದುವರಿದು ಎಲುಬಿಗೆ ತಾಗುತ್ತದೆ. ತಲೆ ಗಿರ್ರನೆ ತಿರುಗಿದರಂತೂ ಸೂಕ್ಷ್ಮವಾದ ನರತಂತುಗಳು ಸೆಳೆತಕ್ಕೆ ಸಿಕ್ಕಿ ಹಾನಿಗೊಳ್ಳುತ್ತವೆ.

ಕೆಲವು ದಿನಗಳ ಮೇಲೆ ಹುಡುಗನು ಕಣ್ಣು ತೆರೆದಾಗ ತಾಯಿ ಕೇಳುವ ಪ್ರಶ್ನೆ ಒಂದೇ: “ಮಗ ಮೊದಲಿನಂತೆ ಆದಾನೆಯೇ?”

ಇದಕ್ಕೆ ವೈದ್ಯರು ಆಧಾರಗಳನ್ನು ಹುಡುಕುತ್ತಾರೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಪ್ರಜ್ಞೆಯನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದು, ಮಾತು, ಅಂಗಚಲನೆ, ಇವುಗಳನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರವಾದುದು. ಎಚ್ಚರ ತಪ್ಪಿದ್ದ ಕಾಲವೂ ಎಚ್ಚರವಾದ ಮೇಲೆ ನೆನಪು ನಿಲ್ಲದಿರುವ ಕಾಲವೂ ದೀರ್ಘವಾದಷ್ಟು ತೊಡಕುಗಳ ಸಂಭವ ಹೆಚ್ಚು.

ಆದರೆ ಸಂಭವವೆಂಬುದು ಗುಂಪಿನ ಗುಣ. ರೇಡಿಯಂ ಪರಮಾಣುಗಳಲ್ಲಿ ಅರ್ಧದಷ್ಟು ಎಷ್ಟು ಕಾಲದಲ್ಲಿ ಕ್ಷಯಿಸುವುವೆಂದು ಹೇಳಬಲ್ಲೆವು. ಇಂತಹುದೇ ಪರಮಾಣು ಎಂದು ಬೆರಳಿಟ್ಟು ತೋರಿಸಲಾರೆವು. ಒಂದು ವ್ಯತ್ಯಾಸವುಂಟು: ಪರಮಾಣುವಿನ ಗತಿಯನ್ನು ಆರೈಕೆ ಬದಲಿಸದು, ಮಗುವಿನ ಗತಿಯನ್ನು ಬದಲಿಸಬಲ್ಲುದು.

ಎಳೆಯ ಮೆದುಳು ಬೇಗ ಸುಧಾರಿಸುತ್ತದೆಂಬ ನಂಬಿಕೆ ಬಹಳ ದಿನದ್ದು. 1930ರ ದಶಕದಲ್ಲಿ ಮಾರ್ಗರೆಟ್ ಕೆನಾರ್ಡ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಬಲ ಕೊಟ್ಟವು. ಇದು ಅರ್ಧಸತ್ಯ. ಯೋಜನೆ, ಸಂಯಮಗಳಿಗೆ ಬೇಕಾದ ಮುಂಭಾಗದ ಮೆದುಳು ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ. ಬೆಳೆಯಬೇಕಾದ ಭಾಗಕ್ಕೇ ಪೆಟ್ಟು ಬಿದ್ದರೆ ಕೊರತೆ ಅಂದೇ ಕಾಣಿಸಿಕೊಳ್ಳದು. ಆರರಲ್ಲಿ ಅಕ್ಷರ ತಿದ್ದಿದ ಹುಡುಗನು ಹನ್ನೆರಡರಲ್ಲಿ ಬೀಜಗಣಿತದ ಮುಂದೆ ತಡವರಿಸಬಹುದು. ಬೇಗ ದಣಿಯಬಹುದು, ಸಿಡುಕಬಹುದು. ಹಳೆಯ ಪೆಟ್ಟನ್ನು ಅಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ. ಸೋಮಾರಿ ಎಂಬ ಹೆಸರು ಅವನಿಗೆ ಅಂಟಿಕೊಳ್ಳುತ್ತದೆ.

ಆದ್ದರಿಂದ ಆಸ್ಪತ್ರೆಯ ಕಾಗದಗಳನ್ನು ಜೋಪಾನವಾಗಿಡಬೇಕು. ಶಾಲೆ ಬದಲಾದಾಗಲೆಲ್ಲ ಉಪಾಧ್ಯಾಯರಿಗೆ ವಿಷಯವನ್ನು ತಿಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಗಮನ, ನೆನಪುಗಳ ಪರೀಕ್ಷೆಯುಂಟು. ಪಾಠವನ್ನು ಚಿಕ್ಕ ಭಾಗಗಳಾಗಿ ಒಡೆದು, ನಡುನಡುವೆ ವಿಶ್ರಾಂತಿ ಕೊಟ್ಟರೆ ಎಷ್ಟೋ ಮಕ್ಕಳು ಮುಂದೆ ಸಾಗುತ್ತಾರೆ.

ತಾಯಿಯ ಪ್ರಶ್ನೆಗೆ ಮೊದಲ ತಿಂಗಳಲ್ಲೇ ಪೂರ್ಣ ಉತ್ತರವಿಲ್ಲ. ಮಗು ಬೆಳೆದಂತೆ ಉತ್ತರವೂ ಬೆಳೆಯುತ್ತದೆ. ಅದರ ಒಂದಂಶವನ್ನು ಬರೆಯುವವರು ನಾವೇ.