ಹಳೆಯ ಗಾಡಿಯಲ್ಲಿ ಕಲಿಯುವ ಮೆಕ್ಯಾನಿಕ್ ವಿದ್ಯೆ



ತಂಪು ಮಾಡದ ಹಾಲು ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯತ್ತ ತಿರುಗುತ್ತದೆ. ಬಿ.ಎಂ.ಸಿ. ಇರುವ ಸಂಘಗಳಿಗೆ ಈ ಚಿಂತೆ ಅಷ್ಟಿಲ್ಲ. ಆದರೆ ಕ್ಯಾನಿನಲ್ಲಿ ಹಾಲು ಸಾಗಿಸುವ ಕಡೆ, ಮಾಗಡಿಯ ಏರುದಾರಿಯಲ್ಲೋ ಕನಕಪುರದ ಒಳಹಳ್ಳಿಯಲ್ಲೋ ಗಾಡಿ ನಿಂತಿತೆಂದರೆ ನಷ್ಟ ಒಬ್ಬರದಲ್ಲ. 40 ಲೀಟರಿನ 50 ಕ್ಯಾನುಗಳೆಂದರೆ 2,000 ಲೀಟರ್ ಹಾಲು. ರಾಮನಗರದಿಂದಲೋ ಚನ್ನಪಟ್ಟಣದಿಂದಲೋ ಮೆಕ್ಯಾನಿಕ್ ಬರುವವರೆಗೆ ಅದು ಕಾಯುವುದಿಲ್ಲ.

ದಾರಿಯಲ್ಲಿ ಗಾಡಿ ನಿಲ್ಲಲು ಬಹಳ ಸಲ ಸಣ್ಣ ಕಾರಣವೇ ಇರುತ್ತದೆ. ಅದನ್ನು ಚಾಲಕನೋ ಕ್ಲೀನರೋ ಸರಿಪಡಿಸಬಲ್ಲರು. ಈ ವಿದ್ಯೆ ಕಲಿಯಲು ಹಳೆಯ ಗಾಡಿಯಷ್ಟು ಒಳ್ಳೆಯ ಶಾಲೆ ಮತ್ತೊಂದಿಲ್ಲ. 1986ರಲ್ಲಿ ಬಂದ ಟಾಟಾ 407 ನಮ್ಮ ಭಾಗದವರಿಗೆಲ್ಲ ಪರಿಚಿತ. ಅದರ ಹಳೆಯ ಮಾದರಿಯಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. 2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ ಬಿ.ಎಸ್.6 ಗಾಡಿಗಳಲ್ಲಿ ಡೀಸೆಲ್ ಎಷ್ಟು ಹೋಗಬೇಕೆಂದು ನಿರ್ಧರಿಸುವುದು ಕಂಪ್ಯೂಟರ್. ಅಲ್ಲಿ ಬರೀ ಸ್ಪ್ಯಾನರ್ ಹಿಡಿದವನಿಗೆ ಕೆಲಸ ಕಡಿಮೆ. ಚನ್ನಪಟ್ಟಣದಲ್ಲಿ ಹಾಲೆಮರ ಕಡೆದು ಗೊಂಬೆ ಮಾಡುವವರು ಕಲಿಯುವ ಹಾಗೆ, ನೋಡಿ, ಮುಟ್ಟಿ ಕಲಿಯಬೇಕಾದ ವಿದ್ಯೆ ಇದು.

ಮೊದಲು ಒಂದು ಮಾತು ತಿಳಿದಿರಬೇಕು. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯಂತೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾದು ಕೆಂಡದಂತಾಗುತ್ತದೆ. ಅದರೊಳಕ್ಕೆ ಡೀಸೆಲ್ ಸಿಂಪಡಿಸಿದ ಕೂಡಲೇ ಹತ್ತಿಕೊಳ್ಳುತ್ತದೆ. ಆದ್ದರಿಂದ ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದೂ ಇಂಜಿನ್ ಹತ್ತದಿದ್ದರೆ ಮೊದಲು ಕೇಳಬೇಕಾದ್ದು ಎರಡೇ ಪ್ರಶ್ನೆ: ಗಾಳಿ ಹೋಗುತ್ತಿದೆಯೇ, ಡೀಸೆಲ್ ಬರುತ್ತಿದೆಯೇ?

ಸೆಲ್ಫ್ ತಿರುಗುವುದೇ ಇಲ್ಲವಾದರೆ ಬ್ಯಾಟರಿಯ ಟರ್ಮಿನಲ್ ನೋಡಿ. ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಬಿಗಿ ಮಾಡಿದರೆ ಎಷ್ಟೋ ಸಲ ಅಷ್ಟೇ ಸಾಕು.

ಡೀಸೆಲ್ ದಾರಿಗೆ ಗಾಳಿ ಸೇರುವುದು ಸಾಮಾನ್ಯ ತೊಂದರೆ. ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ಓಡಿಸಿದರೆ, ಫಿಲ್ಟರ್ ಬದಲಿಸಿದರೆ, ಪೈಪಿನ ಜೋಡಣೆ ಸಡಿಲವಾದರೆ ಗಾಳಿ ಹಿಡಿಯುತ್ತದೆ. ಪಂಪು ಡೀಸೆಲನ್ನು ಒತ್ತಬಲ್ಲದು. ಗಾಳಿಯ ಗುಳ್ಳೆ ಮಾತ್ರ ಸ್ಪಂಜಿನಂತೆ ಕುಗ್ಗಿ, ಒತ್ತಡವನ್ನೆಲ್ಲ ನುಂಗಿಬಿಡುತ್ತದೆ. ಇಂಜಿನ್ ನಿಲ್ಲಿಸಿ, ಟ್ಯಾಂಕಿಗೆ ಡೀಸೆಲ್ ಹಾಕಿ, ಫಿಲ್ಟರಿನ ಮೇಲಿರುವ ಏರ್ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಡೀಸೆಲ್ ಧಾರೆಯಾಗಿ ಬಂದಾಗ, ಪಂಪು ಒತ್ತಿ ಹಿಡಿದೇ ಸ್ಕ್ರೂ ಬಿಗಿ ಮಾಡಿ. ದೊಡ್ಡ ಪಂಪಿನ ಮೇಲಿನ ಸ್ಕ್ರೂವಿನಲ್ಲೂ ಹೀಗೆಯೇ ಗಾಳಿ ತೆಗೆಯಬೇಕು. ಆ ದೊಡ್ಡ ಪಂಪನ್ನು ಮೇಸ್ತ್ರಿಗಳು ಮೈಕೋ ಪಂಪ್ ಎನ್ನುವುದುಂಟು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಾರ್ಖಾನೆಯ ಹೆಸರದು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಬಾಯಿಮಾತು ಬದಲಾಗಿಲ್ಲ.

ಹೊಗೆಯನ್ನು ಓದಲು ಕಲಿಯಿರಿ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ. ನಮ್ಮ ಮಣ್ಣುರಸ್ತೆಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಖರ್ಚು ಕಾದಿದೆ. ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದರೆ ಹೆದರಬೇಕಿಲ್ಲ.

ಆಯಿಲ್ ಅಳತೆಯನ್ನು ದಿನವೂ ಹೊರಡುವ ಮುನ್ನ, ಸಮತಟ್ಟಾದ ನೆಲದಲ್ಲಿ ನೋಡಬೇಕು. ಕಡ್ಡಿಗೆ ಅಂಟಿದ ಆಯಿಲ್ ಕಪ್ಪಗಿದ್ದರೆ ಡೀಸೆಲ್ ಗಾಡಿಯಲ್ಲಿ ಅದು ಸಹಜ. ಹಾಲು ಬೆರೆಸಿದ ಟೀಯಂತೆ ಕಂಡರೆ ಮಾತ್ರ ನೀರು ಸೇರಿದೆಯೆಂದೇ ತಿಳಿದು ಗಾಡಿ ತೆಗೆಯಬೇಡಿ. ಒಂದು ಟ್ರಿಪ್ಪಿನ ಆಸೆಗೆ ಇಂಜಿನ್ನೇ ಹೋದೀತು.

ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ದಾರಿಯಲ್ಲಿ ಚಾರ್ಜ್ ದೀಪ ಹತ್ತಿ ಇಂಜಿನ್ ಕಾಯುತ್ತಿದ್ದರೆ ಬೆಲ್ಟ್ ಹರಿದಿರಬಹುದು. ಒಂದು ಹೊಸ ಬೆಲ್ಟನ್ನು ಸೀಟಿನ ಕೆಳಗೆ ಇಟ್ಟುಕೊಳ್ಳುವುದು ಕ್ಯಾನ್ ಗಾಡಿಗೆ ಅವಶ್ಯ.

ಎಚ್ಚರದ ಮಾತುಗಳನ್ನೂ ಹೇಳಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಬರೀ ಜಾಕಿಯನ್ನು ನಂಬಿ ಗಾಡಿಯಡಿ ನುಗ್ಗಬಾರದು. ಗಟ್ಟಿ ಮರದ ದಿಮ್ಮಿ ಕೊಡಿ, ಕಲ್ಲು ಬೇಡ, ಅದು ಸಿಡಿಯುತ್ತದೆ. ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲ್ ಚರ್ಮದೊಳಕ್ಕೇ ಹೋಗುವಷ್ಟು ಬಿರುಸಾಗಿರುತ್ತದೆ, ಬೆರಳು ಹಿಡಿಯಬೇಡಿ. ಬ್ರೇಕ್, ಸ್ಟೀರಿಂಗ್, ಮೈಕೋ ಪಂಪಿನ ಒಳಭಾಗ ಈ ಮೂರನ್ನು ಅನುಭವಿ ಮೇಸ್ತ್ರಿಗೇ ಬಿಡಿ.

ಈ ಕೆಲಸದಲ್ಲಿ ಮನಸ್ಸು ಕೂತ ಯುವಕ ಯುವತಿಯರು ಎಸ್.ಎಸ್.ಎಲ್.ಸಿ. ಪಾಸಾಗಿದ್ದರೆ ಐ.ಟಿ.ಐ.ಗಳ ಮೆಕ್ಯಾನಿಕ್ ಡೀಸೆಲ್ ತರಬೇತಿಗೆ ಸೇರಬಹುದು. ಅದು ಒಂದು ವರ್ಷದ್ದು. ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು. ಹೊಸ ಗಾಡಿಗಳ ಕೆಲಸವನ್ನೂ ಮಾಡಬೇಕೆನ್ನುವವರಿಗೆ ಅದೇ ಮೇಲು.